ಶಾಲೆ ಯಾರ ಕೈಯಲ್ಲಿರಬೇಕು? ಸ್ಥಳೀಯ ವಿದ್ಯಾ ಸಂಸ್ಥೆಗಳ ನೂರೈವತ್ತು ವರ್ಷಗಳ ಕಥೆ

ನಮ್ಮ ಶಾಲೆಯ ಫಲಕದ ಮೇಲೆ 'ಸರ್ಕಾರಿ ಪ್ರೌಢಶಾಲೆ' ಎಂದು ಬರೆದಿದೆ. ಊರಿನವರ ಬಾಯಲ್ಲಿ ಮಾತ್ರ ಅದು ಐವತ್ತು ವರ್ಷದಿಂದಲೂ 'ನಮ್ಮ ಹೈಸ್ಕೂಲು'. ಸಂಬಳ ಕೊಡುವುದು, ಮೇಷ್ಟ್ರನ್ನು ಕಳಿಸುವುದು, ಪರೀಕ್ಷೆ ನಡೆಸುವುದು ಸರ್ಕಾರ. ಜಾಗ ಕೊಟ್ಟವರು, ಮೊದಲ ಎರಡು ಕೊಠಡಿಗೆ ಕಲ್ಲು ಹೊತ್ತವರು, ಮಕ್ಕಳನ್ನು ಕಳಿಸಿದವರು ಊರಿನವರು. ಹಾಗಾದರೆ ಶಾಲೆ ಯಾರದ್ದು? ಅದರ ಮೇಲ್ವಿಚಾರಣೆ ಯಾರ ಕೈಯಲ್ಲಿರಬೇಕು?

ಈ ಪ್ರಶ್ನೆ ಹೊಸದಲ್ಲ. ಊರು, ತಾಲ್ಲೂಕು, ಜಿಲ್ಲಾ ಮಟ್ಟದಲ್ಲಿ ಶಾಲೆ ನೋಡಿಕೊಳ್ಳಲು ಪ್ರತ್ಯೇಕ ಸಂಸ್ಥೆಗಳು ಬೇಕೇ, ಅಥವಾ ಇಲಾಖೆಯೇ ನೇರವಾಗಿ ನಡೆಸಿದರೆ ಸಾಕೇ ಎಂದು ನಮ್ಮ ನಾಡಿನ ಸರ್ಕಾರಗಳು ಹೆಚ್ಚುಕಡಿಮೆ ಪ್ರತಿ ತಲೆಮಾರಿಗೊಮ್ಮೆ ಪರಿಶೀಲಿಸಿವೆ. ಕೆಲವೊಮ್ಮೆ ಅಧಿಕಾರವನ್ನು ಕೆಳಗೆ ಕೊಟ್ಟಿವೆ, ಕೆಲವೊಮ್ಮೆ ಹಿಂದಕ್ಕೆ ಪಡೆದಿವೆ. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಗುರುಗಳ ನೆನಪು, ಕ್ರೀಡಾಕೂಟದ ನೆನಪು ಬರೆಯುವವರು ಬಹಳ ಮಂದಿ ಇದ್ದಾರೆ. ನಾನು ಈ ಕೊಡು-ಕೊಳ್ಳುವಿಕೆಯ ಚರಿತ್ರೆಯನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ನಾನು ಇತಿಹಾಸ ಓದಿದವನಲ್ಲ, ಬಿ.ಇ. ಮಾಡಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು. ಆದರೆ ಒಂದು ವ್ಯವಸ್ಥೆಯ ಯಾವ ಭಾಗ ಎಲ್ಲಿ ಇರಬೇಕು ಎಂಬುದು ನನ್ನ ದಿನನಿತ್ಯದ ಕೆಲಸವೇ ಆದ್ದರಿಂದ ಈ ವಿಷಯ ನನಗೆ ಹತ್ತಿರದ್ದು.

ಕೂಲಿಮಠದಿಂದ ಹೋಬಳಿ ಶಾಲೆಗೆ

ಸರ್ಕಾರಿ ಶಾಲೆಗಳು ಬರುವ ಮೊದಲು ಹಳ್ಳಿಗಳಲ್ಲಿ ಇದ್ದದ್ದು ಕೂಲಿಮಠ, ಐಗಳ ಮಠ. ಜಗುಲಿಯ ಮೇಲೋ ಗುಡಿಯ ಅಂಗಳದಲ್ಲೋ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಐಗಳಿಗೆ ಊರವರು ದವಸ ಧಾನ್ಯ ಕೊಡುತ್ತಿದ್ದರು. ಇಲಾಖೆ ಇರಲಿಲ್ಲ, ತಪಾಸಣೆ ಇರಲಿಲ್ಲ. ಊರು ಇಟ್ಟುಕೊಂಡರೆ ಮಠ ಉಂಟು, ಇಲ್ಲದಿದ್ದರೆ ಇಲ್ಲ. ಯಾರ ಮಕ್ಕಳು ಕೂರಬಹುದು, ಯಾರ ಮಕ್ಕಳು ಕೂರಬಾರದು ಎಂಬುದನ್ನೂ ಊರೇ ನಿರ್ಧರಿಸುತ್ತಿತ್ತು. 'ಸ್ಥಳೀಯ' ಎಂದ ಕೂಡಲೇ ಎಲ್ಲವೂ ಒಳ್ಳೆಯದು ಎಂದುಕೊಳ್ಳುವವರು ಇದನ್ನು ಮರೆಯಬಾರದು.

1868ರಲ್ಲಿ ಮೈಸೂರು ಸಂಸ್ಥಾನದಲ್ಲಿ ಹೋಬಳಿ ಶಾಲೆಗಳ ಯೋಜನೆ ಬಂತು. ಅದನ್ನು ರೂಪಿಸಿದವರು ಬಿ. ಎಲ್. ರೈಸ್. ನಾವು ಅವರನ್ನು ಶಾಸನಗಳ ಸಂಗ್ರಹಕಾರರೆಂದು ಪಠ್ಯದಲ್ಲಿ ಓದಿದ್ದೇವೆ, ಅವರು ಶಿಕ್ಷಣ ಇಲಾಖೆಯ ಅಧಿಕಾರಿಯೂ ಆಗಿದ್ದರು. ಹೋಬಳಿಗೊಂದು ಶಾಲೆ, ತರಬೇತಾದ ಉಪಾಧ್ಯಾಯ, ಶಾಲೆಗೆ ಮನೆ ಒದಗಿಸುವ ಹೊಣೆ ಊರಿನದು ಎಂಬುದು ಯೋಜನೆಯ ಸಾರ. ಭೂಕಂದಾಯದ ಜೊತೆ ವಸೂಲಾಗುತ್ತಿದ್ದ ಸ್ಥಳೀಯ ತೆರಿಗೆಯ ಒಂದು ಪಾಲು ಈ ಶಾಲೆಗಳಿಗೆ ಹೋಗತೊಡಗಿತು. ಸರ್ಕಾರ ಅರ್ಧ, ಊರು ಅರ್ಧ ಎಂಬ ಲೆಕ್ಕ ಅಲ್ಲಿಂದಲೇ ಶುರುವಾಯಿತು ಎನ್ನಬಹುದು.

ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ಶಿಕ್ಷಣದ ರೆಗ್ಯುಲೇಷನ್ ಬಂದು, ಆಯ್ದ ಸ್ಥಳಗಳಲ್ಲಿ ಕಡ್ಡಾಯ ಶಿಕ್ಷಣ ಜಾರಿಯಾಗತೊಡಗಿತು. ಕಡ್ಡಾಯ ಎಂದ ಮೇಲೆ ಯಾವ ಮನೆಯ ಮಗು ಬಂದಿಲ್ಲ ಎಂದು ನೋಡುವವರು ಬೇಕು. ಆ ಕೆಲಸವನ್ನು ಬೆಂಗಳೂರಿನ ಕಚೇರಿ ಮಾಡಲಾರದು. ಸ್ಥಳೀಯ ಸಂಸ್ಥೆಯ ಅಗತ್ಯ ಹುಟ್ಟಿದ್ದು ಇಲ್ಲಿಂದ.

ಹನ್ನೊಂದು ವರ್ಷದ ಪ್ರಯೋಗ

1930ರಲ್ಲಿ ಮೈಸೂರು ಸರ್ಕಾರ ದೊಡ್ಡ ಹೆಜ್ಜೆಯನ್ನೇ ಇಟ್ಟಿತು. ಹೊಸ ಪ್ರಾಥಮಿಕ ಶಿಕ್ಷಣ ರೆಗ್ಯುಲೇಷನ್ ಪ್ರಕಾರ ಸ್ಥಳೀಯ ವಿದ್ಯಾ ಪ್ರಾಧಿಕಾರಗಳು ರಚನೆಯಾಗಿ, ಪ್ರಾಥಮಿಕ ಶಾಲೆಗಳ ಆಡಳಿತ ಇಲಾಖೆಯ ಕೈಯಿಂದ ಅವುಗಳ ಕೈಗೆ ಹೋಯಿತು. ಆಗ ಮಿರ್ಜಾ ಇಸ್ಮಾಯಿಲ್ ದಿವಾನರು. ಶಾಲೆಯ ವಿಚಾರದಲ್ಲಿ ಜನರಿಗೆ ಹೆಚ್ಚಿನ ಅಧಿಕಾರ ಕೊಡಬೇಕೆಂಬುದು ಉದ್ದೇಶ.

ಪ್ರಯೋಗ ನಿರೀಕ್ಷಿಸಿದಂತೆ ನಡೆಯಲಿಲ್ಲ. ಪ್ರಾಥಮಿಕ ಶಿಕ್ಷಣದ ಬೆಳವಣಿಗೆಗೆ ಈ ಏರ್ಪಾಡು ಅನುಕೂಲವಾಗಿಲ್ಲ ಎಂಬ ತೀರ್ಮಾನಕ್ಕೆ ಬಂದ ಸರ್ಕಾರ, 1941ರ ಹೊಸ ಕಾಯ್ದೆಯ ಮೂಲಕ ಆಡಳಿತವನ್ನು ಮತ್ತೆ ತಾನೇ ವಹಿಸಿಕೊಂಡಿತು. ಹನ್ನೊಂದೇ ವರ್ಷ! ಒಂದನೇ ತರಗತಿಗೆ ಸೇರಿದ ಮಗು ಎಸ್.ಎಸ್.ಎಲ್.ಸಿ. ಮುಗಿಸುವಷ್ಟು ಕಾಲ.

ಆ ಹನ್ನೊಂದು ವರ್ಷಗಳು ಎಂಥವು ಎಂಬುದನ್ನೂ ನೋಡಬೇಕು. 1929ರಲ್ಲಿ ಶುರುವಾದ ಜಾಗತಿಕ ಆರ್ಥಿಕ ಕುಸಿತದಿಂದ ರೈತರು ಬೆಳೆದದ್ದಕ್ಕೆ ಬೆಲೆ ಬಿದ್ದುಹೋಗಿತ್ತು. ಕಂದಾಯ ಕಟ್ಟುವುದೇ ಕಷ್ಟವಾಗಿದ್ದ ಕಾಲದಲ್ಲಿ ಸ್ಥಳೀಯವಾಗಿ ಹಣ ಎತ್ತಿ ಹೊಸ ಶಾಲೆ ತೆರೆಯುವುದು ಸುಲಭವಾಗಿರಲಾರದು. ಕೆಲಸ ಕೆಳಗೆ ಬಂದು ಹಣ ಜೊತೆಗೆ ಬರದಿದ್ದರೆ ಯಾವ ಸಂಸ್ಥೆಯೂ ನಿಲ್ಲುವುದಿಲ್ಲ. ಇದನ್ನು ಇವತ್ತಿನ ಗ್ರಾಮ ಪಂಚಾಯಿತಿ ಸದಸ್ಯರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಅದೇ ಹೆಸರು, ಇಂಗ್ಲೆಂಡಿನಲ್ಲಿ

'ಲೋಕಲ್ ಎಜುಕೇಷನ್ ಅಥಾರಿಟಿ' ಎಂಬ ಹೆಸರು ಮೈಸೂರಿಗಿಂತ ಮೊದಲು ಇಂಗ್ಲೆಂಡಿನಲ್ಲಿ ಬಳಕೆಯಲ್ಲಿತ್ತು. ಅಲ್ಲಿಯ ಕಥೆಯೂ ನಮ್ಮದರಂತೆಯೇ ತಿರುವುಗಳಿಂದ ಕೂಡಿದೆ. 1870ರ ಕಾಯ್ದೆ ಊರೂರಿಗೆ ಚುನಾಯಿತ ಸ್ಕೂಲ್ ಬೋರ್ಡ್‌ಗಳನ್ನು ತಂದಿತು. 1902ರ ಕಾಯ್ದೆ ಆ ಬೋರ್ಡ್‌ಗಳನ್ನು ರದ್ದು ಮಾಡಿ ಕೌಂಟಿ ಮತ್ತು ನಗರ ಸಭೆಗಳನ್ನೇ ವಿದ್ಯಾ ಪ್ರಾಧಿಕಾರಗಳನ್ನಾಗಿ ಮಾಡಿತು. 1988ರ ಕಾಯ್ದೆ ಬಹಳಷ್ಟು ಹಣ ಮತ್ತು ಅಧಿಕಾರವನ್ನು ಪ್ರಾಧಿಕಾರಗಳಿಂದ ಶಾಲೆಗಳಿಗೇ ಕೊಟ್ಟಿತು. ಜೊತೆಗೆ ಪಠ್ಯಕ್ರಮವನ್ನು ದೇಶಕ್ಕೆಲ್ಲ ಒಂದೇ ಮಾಡಿ ಕೇಂದ್ರದ ಕೈಗೆ ತೆಗೆದುಕೊಂಡಿತು. ಲಂಡನ್ ಒಳನಗರದ ಶಾಲೆಗಳನ್ನು ನೋಡಿಕೊಳ್ಳುತ್ತಿದ್ದ ದೊಡ್ಡ ಪ್ರಾಧಿಕಾರವನ್ನು ಮುಚ್ಚುವ ನಿರ್ಧಾರವೂ ಆಗಲೇ ಆಯಿತು. ಮತ ಹಾಕಿದ ಪೋಷಕರಲ್ಲಿ ಬಹುಪಾಲು ಜನ ಅದು ಉಳಿಯಲಿ ಎಂದರು. ಆದರೂ 1990ರಲ್ಲಿ ಅದು ಮುಚ್ಚಿತು.

ದುಡ್ಡಿರುವ ದೇಶದಲ್ಲೂ ಈ ಪ್ರಶ್ನೆ ಬಗೆಹರಿದಿಲ್ಲ ಎಂದು ತೋರಿಸಲು ಇದನ್ನು ಹೇಳಿದೆ. ನಮ್ಮಲ್ಲಿ ಪ್ರಯೋಗ ಸೋತಾಗ "ನಮ್ಮ ಜನವೇ ಹೀಗೆ" ಎಂದು ಕೈಚೆಲ್ಲುವ ಅಭ್ಯಾಸವಿದೆ. ತೊಡಕು ಇರುವುದು ಜನರಲ್ಲಲ್ಲ, ಯಾವ ಕೆಲಸ ಯಾರಿಗೆ ಎಂಬ ಹಂಚಿಕೆಯಲ್ಲಿ.

ಏಕೀಕರಣದ ನಂತರ

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಶಾಲೆಗಳ ಆಡಳಿತ ಒಂದಾಗಿರಲಿಲ್ಲ. ಹಳೆ ಮೈಸೂರಿನಲ್ಲಿ ಪ್ರಾಥಮಿಕ ಶಾಲೆ ನೇರವಾಗಿ ಇಲಾಖೆಯದು. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡದ ಕಡೆ ಮುಂಬಯಿ ಪ್ರಾಂತ್ಯದ 1947ರ ಕಾಯ್ದೆಯ ಪ್ರಕಾರ ಜಿಲ್ಲಾ ಸ್ಕೂಲ್ ಬೋರ್ಡ್‌ಗಳಿದ್ದವು. ದಕ್ಷಿಣ ಕನ್ನಡದಲ್ಲಿ ಮದರಾಸಿನ ಪದ್ಧತಿ, ಹೈದರಾಬಾದ್ ಕರ್ನಾಟಕದಲ್ಲಿ ನಿಜಾಮರ ಕಾಲದ ಸರ್ಕಾರಿ ಪದ್ಧತಿ. ಒಂದೇ ರಾಜ್ಯದಲ್ಲಿ ಮೇಷ್ಟ್ರಿಗೆ ಸಂಬಳ ಕೊಡುವವರು ಬೇರೆ ಬೇರೆ. 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ಕಾನೂನನ್ನು ತಂದಿತು. ಕಾಲಕ್ರಮದಲ್ಲಿ ಎಲ್ಲ ಕಡೆಯೂ ಇಲಾಖೆಯ ಕೈಯೇ ಮೇಲಾಯಿತು.

ಪ್ರೌಢಶಾಲೆಗಳ ದಾರಿ ಸ್ವಲ್ಪ ಬೇರೆ. ನಮ್ಮ ಹಿರಿಯರು 'ತಾಲ್ಲೂಕ್ ಬೋರ್ಡ್ ಹೈಸ್ಕೂಲು', 'ಮುನಿಸಿಪಲ್ ಹೈಸ್ಕೂಲು' ಎಂಬ ಮಾತನ್ನು ಈಗಲೂ ಆಡುತ್ತಾರೆ. ಹಲವು ಕಡೆ ಹೈಸ್ಕೂಲು ನಡೆಸುತ್ತಿದ್ದದ್ದು ಈ ಸ್ಥಳೀಯ ಸಂಸ್ಥೆಗಳೇ. ಆಮೇಲೆ ಅವನ್ನು ಸರ್ಕಾರ ವಹಿಸಿಕೊಂಡಿತು. 1975ರಲ್ಲಿ ನಮ್ಮ ಶಾಲೆ ಹುಟ್ಟುವ ಹೊತ್ತಿಗೆ ಹಳ್ಳಿಗೆ ಹೈಸ್ಕೂಲು ಎಂದರೆ ಸರ್ಕಾರಿ ಹೈಸ್ಕೂಲು ಎಂಬ ಅರ್ಥವೇ ಬಂದಿತ್ತು. ಮರುವರ್ಷ, 1976ರಲ್ಲಿ, ಸಂವಿಧಾನದ 42ನೇ ತಿದ್ದುಪಡಿ ಶಿಕ್ಷಣವನ್ನು ರಾಜ್ಯ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಸೇರಿಸಿತು. ದೆಹಲಿಗೂ ಶಾಲೆಯ ಮಾತಿನಲ್ಲಿ ಪಾಲು ಬಂತು. ನಮ್ಮ ಶಾಲೆ ಕಣ್ಣು ಬಿಟ್ಟದ್ದು ಅಧಿಕಾರವೆಲ್ಲ ಮೇಲಕ್ಕೆ ಹೋಗುತ್ತಿದ್ದ ಕಾಲದಲ್ಲಿ.

ಅದಕ್ಕೆ ಮೊದಲೇ, 1964ರಿಂದ 66ರವರೆಗೆ ಕೆಲಸ ಮಾಡಿದ ಡಿ. ಎಸ್. ಕೊಠಾರಿ ಅವರ ಶಿಕ್ಷಣ ಆಯೋಗ ಬೇರೆ ಮಾತು ಹೇಳಿತ್ತು. ಜಿಲ್ಲೆಗೊಂದು ಶಾಲಾ ಮಂಡಳಿ ಇರಲಿ, ಶಾಲೆ ಮತ್ತು ಸುತ್ತಲಿನ ಸಮುದಾಯ ಹತ್ತಿರವಾಗಿರಲಿ ಎಂಬುದು ಅದರ ಶಿಫಾರಸುಗಳಲ್ಲಿ ಸೇರಿತ್ತು. ಶಿಫಾರಸು ಪುಸ್ತಕದಲ್ಲಿ ಉಳಿಯಿತು.

ಜಿಲ್ಲಾ ಪರಿಷತ್ತು ಬಂತು

1983ರ ಕಾಯ್ದೆ, 1987ರ ಚುನಾವಣೆ, ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ತಂದ ಈ ವ್ಯವಸ್ಥೆಯನ್ನು ನಮ್ಮ ಊರಿನ ಹಿರಿಯರು ಈಗಲೂ ನೆನೆಯುತ್ತಾರೆ. ಕೊಳವೆ ಬಾವಿಗಳಿಂದಾಗಿ 'ನೀರ್ ಸಾಬ್' ಎಂದು ಹೆಸರಾದವರು ಅವರು. ಶಾಲೆಗಳೂ ಜಿಲ್ಲಾ ಪರಿಷತ್ತಿನ ಅಧೀನಕ್ಕೆ ಬಂದವು.

ಈ ವ್ಯವಸ್ಥೆ ಹೇಗೆ ನಡೆಯುತ್ತಿದೆ ಎಂದು ನೋಡಲು ಸರ್ಕಾರ ಕೆ. ಎಸ್. ಕೃಷ್ಣಸ್ವಾಮಿ ಅವರ ಅಧ್ಯಕ್ಷತೆಯಲ್ಲಿ ಮೌಲ್ಯಮಾಪನ ಸಮಿತಿಯನ್ನೂ ನೇಮಿಸಿತ್ತು. ಆ ವರ್ಷಗಳನ್ನು ಅಧ್ಯಯನ ಮಾಡಿದವರು ಗುರುತಿಸಿದ ಒಂದು ಸಂಗತಿ ನಮಗೆ ಮುಖ್ಯ: ಹಳ್ಳಿಗಳಲ್ಲಿ ಶಿಕ್ಷಕರ ಮತ್ತು ಆಸ್ಪತ್ರೆ ಸಿಬ್ಬಂದಿಯ ಹಾಜರಿ ಸುಧಾರಿಸಿತು. ಸಂಬಳ ಹೆಚ್ಚಿದ್ದರಿಂದಲ್ಲ, ಹೊಸ ತಂತ್ರಜ್ಞಾನದಿಂದಲೂ ಅಲ್ಲ. ಕೇಳುವವರು ಹತ್ತಿರಕ್ಕೆ ಬಂದರು, ಅಷ್ಟೆ.

ಇನ್ನೊಂದು ಮುಖವೂ ಇತ್ತು. ವರ್ಗಾವಣೆಯ ಅಧಿಕಾರ ಹತ್ತಿರ ಬಂದರೆ ವಶೀಲಿಯೂ ಹತ್ತಿರ ಬರುತ್ತದೆ. "ಇವರು ನಮ್ಮವರು, ಅವರು ನಮ್ಮವರಲ್ಲ" ಎಂಬ ಲೆಕ್ಕ ಶಾಲೆಯ ಹೊಸ್ತಿಲು ದಾಟುತ್ತದೆ. ಮುಂದೆ ಶಿಕ್ಷಕರ ನೇಮಕಾತಿ ಅಂಕ ಮತ್ತು ಪರೀಕ್ಷೆಯ ಆಧಾರದಲ್ಲಿ ನಡೆಯುವಂತಾಯಿತು. 2007ರ ವರ್ಗಾವಣೆ ಕಾಯ್ದೆಯಿಂದ ಕೌನ್ಸೆಲಿಂಗ್‌ಗೆ ಕಾನೂನಿನ ಬಲ ಬಂತು. ಈ ಅಧಿಕಾರ ಸ್ಥಳೀಯರ ಕೈ ತಪ್ಪಿದ್ದರ ಬಗ್ಗೆ ನನಗೆ ಬೇಸರವಿಲ್ಲ. ಯಾರ ಮನೆ ಬಾಗಿಲಿಗೂ ಹೋಗದೆ ಕೆಲಸ ಪಡೆದು ನಮ್ಮ ಶಾಲೆಗೆ ಬಂದ ಎಷ್ಟೋ ಮೇಷ್ಟ್ರು, ಮಿಸ್‌ಗಳು ಅದರ ಫಲ.

ಪೋಷಕರ ಸಮಿತಿ

1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣವನ್ನೂ ಸೇರಿಸಿತು. ಆಮೇಲೆ ಡಾ. ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯ ಮೇಲೆ 2001ರ ಏಪ್ರಿಲ್‌ನಲ್ಲಿ ಸರ್ಕಾರ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಲು ಆದೇಶಿಸಿತು. ನಾವೆಲ್ಲ ಎಸ್.ಡಿ.ಎಂ.ಸಿ. ಎನ್ನುವುದು ಇದನ್ನೇ. ಹಿಂದಿನ ಗ್ರಾಮ ಶಿಕ್ಷಣ ಸಮಿತಿಗಿಂತ ಇದು ಬೇರೆಯಾದದ್ದು ಒಂದು ವಿಷಯದಲ್ಲಿ: ಇಲ್ಲಿ ಸದಸ್ಯರಾಗುವವರು ಆ ಶಾಲೆಯಲ್ಲೇ ಮಕ್ಕಳಿರುವ ಪೋಷಕರು.

2009ರ ಶಿಕ್ಷಣ ಹಕ್ಕು ಕಾಯ್ದೆ ಇದನ್ನು ಗಟ್ಟಿ ಮಾಡಿತು. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಅದೇ ಕಾಯ್ದೆಯ 9ನೇ ಕಲಂ 'ಸ್ಥಳೀಯ ಪ್ರಾಧಿಕಾರ'ದ ಕರ್ತವ್ಯಗಳನ್ನು ಹೇಳುತ್ತದೆ. ತನ್ನ ವ್ಯಾಪ್ತಿಯಲ್ಲಿ ವಾಸಿಸುವ ಹದಿನಾಲ್ಕು ವರ್ಷದೊಳಗಿನ ಮಕ್ಕಳ ದಾಖಲೆ ಇಡಬೇಕು ಎಂಬುದು ಅವುಗಳಲ್ಲೊಂದು. 1941ರಲ್ಲಿ ಬೇಡವೆಂದು ಕೈಬಿಟ್ಟ ಸ್ಥಳೀಯ ಪ್ರಾಧಿಕಾರವನ್ನು 2009ರಲ್ಲಿ ಕಾನೂನು ಮತ್ತೆ ಕರೆಯಬೇಕಾಯಿತು. ಮಕ್ಕಳನ್ನು ಎಣಿಸಿ ಗುರುತು ಹಿಡಿಯುವ ಕೆಲಸಕ್ಕೆ ಬೇರೆ ಯಾರೂ ಸಿಗಲಿಲ್ಲ.

ಈ ಹಂಚಿಕೆ ಹೇಗಿರಬೇಕು ಎಂಬುದಕ್ಕೆ ನಮ್ಮ ಶಾಲೆಯದೇ ಒಂದು ಉದಾಹರಣೆ ಇದೆ. ನಾನು ಒಂಬತ್ತನೇ ತರಗತಿಗೆ ಬಂದ ವರ್ಷ ಗಣಿತದ ಹುದ್ದೆ ಖಾಲಿಯಾಯಿತು. ದಸರಾ ರಜೆ ಹತ್ತಿರ ಬಂದರೂ ಯಾರೂ ಬರಲಿಲ್ಲ. ಸಮಿತಿಯವರು ಮತ್ತು ಮುಖ್ಯೋಪಾಧ್ಯಾಯರು ಕೂತು ಮಾತಾಡಿ, ಪಕ್ಕದೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದ ಅಕ್ಕ ಒಬ್ಬರನ್ನು ಪಾಠಕ್ಕೆ ಒಪ್ಪಿಸಿದರು. ಸಂಭಾವನೆಗೆ ಊರಲ್ಲಿ ಚಂದಾ ಎತ್ತಿದರು. ಡೇರಿಗೆ ಹಾಲು ಹಾಕುವ ಮನೆಗಳು ಬಟವಾಡೆಯ ದಿನ ತಮ್ಮ ಪಾಲು ಕೊಟ್ಟವು. ಪ್ರಮೇಯಗಳ ಭಯ ನಮಗೆ ಬಿಟ್ಟದ್ದು ಆ ಅಕ್ಕನ ಪಾಠದಲ್ಲಿ. ಮರುವರ್ಷ ಹೊಸ ನೇಮಕಾತಿಯಲ್ಲಿ ಖಾಯಂ ಮೇಷ್ಟ್ರು ಬಂದರು, ಚೆನ್ನಾಗಿಯೇ ಪಾಠ ಮಾಡಿದರು. ಖಾಯಂ ಮೇಷ್ಟ್ರನ್ನು ಕೊಡುವ ಶಕ್ತಿ ಊರಿಗಿರಲಿಲ್ಲ. ಆ ಏಳು ತಿಂಗಳನ್ನು ತುಂಬುವ ಶಕ್ತಿ ಸರ್ಕಾರಕ್ಕಿರಲಿಲ್ಲ. ನಮ್ಮ ತಂಡದಲ್ಲಿ ಎಂಜಿನಿಯರ್, ಲೆಕ್ಚರರ್, ಬ್ಯಾಂಕ್ ನೌಕರಿ ಎಂದು ಹೋದವರೆಲ್ಲ ಈ ಇಬ್ಬರಿಗೂ ಋಣಿಗಳು.

ಕಂಪ್ಯೂಟರ್ ಬಂದ ಮೇಲೆ

ಈಗ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಬಂದಿದೆ. ಎಸ್‌ಎಟಿಎಸ್‌ನಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆ ಇದೆ. ಯು-ಡೈಸ್‌ನಲ್ಲಿ ಕೊಠಡಿ, ಶೌಚಾಲಯ, ಶಿಕ್ಷಕರ ವಿವರ ಇದೆ. ಬೆಂಗಳೂರಿನಲ್ಲಿ ಕೂತು ಒಂದು ಗುಂಡಿ ಒತ್ತಿದರೆ ನಮ್ಮ ಶಾಲೆಯ ಲೆಕ್ಕ ಸಿಗುತ್ತದೆ. ಎಲ್ಲವೂ ಪರದೆಯ ಮೇಲೇ ಕಾಣುವಾಗ ನಡುವೆ ಸಮಿತಿ, ಪಂಚಾಯಿತಿ ಎಲ್ಲ ಏಕೆ ಎಂದು ನನ್ನ ವೃತ್ತಿಯ ಸ್ನೇಹಿತರೇ ಕೇಳುತ್ತಾರೆ.

ನನ್ನ ಕೆಲಸದಲ್ಲೂ ದಿನವಿಡೀ ಪರದೆಯ ಮೇಲೆ ಗ್ರಾಫ್ ನೋಡುತ್ತೇವೆ. ಗ್ರಾಫ್ ಕೆಳಗೆ ಬಿದ್ದರೆ ಎಲ್ಲೋ ಏನೋ ಕೆಟ್ಟಿದೆ ಎಂದು ತಿಳಿಯುತ್ತದೆ. ಏನು ಕೆಟ್ಟಿದೆ, ಏಕೆ ಕೆಟ್ಟಿದೆ ಎಂದು ತಿಳಿಯಲು ಆ ಭಾಗವನ್ನು ದಿನವೂ ನೋಡಿಕೊಳ್ಳುವವರನ್ನೇ ಕೇಳಬೇಕು. ಎಂಟನೇ ತರಗತಿಯ ಒಬ್ಬ ಹುಡುಗಿ ಹನ್ನೆರಡು ದಿನ ಗೈರು ಎಂದು ಕಂಪ್ಯೂಟರ್ ಹೇಳಬಲ್ಲದು. ಅವಳ ತಾಯಿ ಆಸ್ಪತ್ರೆಯಲ್ಲಿದ್ದಾಳೋ, ಶುಂಠಿ ಕೀಳುವ ಕೂಲಿಗೆ ಮನೆಯವರ ಜೊತೆ ಹೋಗಿದ್ದಾಳೋ, ಮದುವೆ ಮಾತುಕತೆ ನಡೆಯುತ್ತಿದೆಯೋ ಎಂಬುದು ಪಕ್ಕದ ಮನೆಯವರಿಗೆ ಗೊತ್ತು. ಮೂರಕ್ಕೂ ಪರಿಹಾರ ಬೇರೆ ಬೇರೆ. ತಿಂಗಳ ಕೊನೆಗೆ ವರದಿ ಮೇಲೆ ಹೋಗಿ ಪತ್ರ ಕೆಳಗೆ ಬರುವಷ್ಟರಲ್ಲಿ ಮೂರನೆಯದ್ದು ಮುಗಿದೇ ಹೋಗಿರುತ್ತದೆ.

ಆದ್ದರಿಂದ ನೂರೈವತ್ತು ವರ್ಷದ ಈ ಕಥೆಯಿಂದ ನನಗೆ ಕಾಣುವುದು ಇಷ್ಟು. ಸಂಬಳ, ನೇಮಕಾತಿ, ವರ್ಗಾವಣೆ, ಪಠ್ಯ, ಪರೀಕ್ಷೆ ಇವು ರಾಜ್ಯದ ಕೈಯಲ್ಲಿರುವುದೇ ಸರಿ. ಅಲ್ಲಿ ಊರಿನ ಜಾತಿ, ಪಕ್ಷ, ನೆಂಟಸ್ತಿಕೆ ಸೇರಬಾರದು. ಮಗು ಏಕೆ ಬರಲಿಲ್ಲ, ಸೂರು ಎಲ್ಲಿ ಸೋರುತ್ತಿದೆ, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿದೆಯೇ, ಬಿಸಿಯೂಟ ರುಚಿಯಾಗಿದೆಯೇ ಎಂದು ನೋಡುವುದು ಊರಿನ ಕೆಲಸ. ಇದನ್ನು ಎಷ್ಟು ಒಳ್ಳೆಯ ಕಮಿಷನರ್ ಬಂದರೂ ದೂರದಿಂದ ಮಾಡಲಾರರು. ಎರಡನೆಯ ಕೆಲಸಕ್ಕೆ ಅಧಿಕಾರವೂ ಸ್ವಲ್ಪ ಹಣವೂ ಊರಿನ ಬಳಿ ಇರಬೇಕು.

ನಮ್ಮ ಪಾಲಿನ ಕೆಲಸ

ಹಾಗಾದರೆ ನಮ್ಮ ಶಾಲೆಯ ಇಂದಿನ ಸ್ಥಿತಿ ಏನು? ನಾನು ಓದುವಾಗ ಎಂಟನೇ ತರಗತಿಗೆ ಎರಡು ವಿಭಾಗಗಳಿದ್ದವು, ಈಗ ಒಂದೇ. ಬೆಳಿಗ್ಗೆ ಎಂಟಕ್ಕೆ ಪಟ್ಟಣದ ಶಾಲೆಗಳ ಹಳದಿ ಬಸ್ಸುಗಳು ಊರೊಳಗೆ ಬಂದು ಹೋಗುತ್ತವೆ. ಮಕ್ಕಳು ಕಡಿಮೆಯಿರುವ ಶಾಲೆಗಳನ್ನು ಸೇರಿಸಿ ಒಂದು ಮಾಡುವ ಮಾತು ಕೇಳುತ್ತಲೇ ಇದೆ. ನಾಳೆ ಯಾರಾದರೂ ನಮ್ಮ ಶಾಲೆಯ ಕಡತ ತೆರೆದರೆ ಅವರಿಗೆ ಕಾಣುವುದು ದಾಖಲಾತಿಯ ಸಂಖ್ಯೆ ಮಾತ್ರ. ಐದು ಹಳ್ಳಿಗಳ ಹೆಣ್ಣುಮಕ್ಕಳು ನಡೆದು ಬರುವಷ್ಟು ಹತ್ತಿರದ ಹೈಸ್ಕೂಲು ಇದೊಂದೇ ಎಂಬುದನ್ನು ನಾವೇ ಹೇಳಬೇಕು. ಹೇಳಬೇಕಾದರೆ ಹೇಳುವ ವೇದಿಕೆ ಜೀವಂತವಾಗಿರಬೇಕು.

ಸಮಿತಿಯ ಸಭೆಗೆ ಪೋಷಕರು ಬರುವುದು ಕಡಿಮೆ ಎಂದು ಮುಖ್ಯೋಪಾಧ್ಯಾಯರು ಹೇಳಿದರು. ಕೆಲಸದ ಹೊತ್ತಿನಲ್ಲಿ ಸಭೆ ಕರೆದರೆ ಕೂಲಿ ಬಿಟ್ಟು ತಾಯಂದಿರು ಹೇಗೆ ಬಂದಾರು? ಸಂಜೆ ಡೇರಿಗೆ ಹಾಲು ಹಾಕಿದ ಮೇಲೆ, ದೀಪ ಹಚ್ಚುವ ಹೊತ್ತಿಗೆ ಸಭೆ ಇಟ್ಟರೆ ಬರುತ್ತಾರೆ. ಸಭೆಯ ನಿರ್ಣಯಗಳನ್ನು ಶಾಲೆಯ ಫಲಕದ ಮೇಲೆ ಬರೆಯಲಿ, ಗ್ರಾಮ ಸಭೆಯಲ್ಲಿ ಓದಲಿ. ಪಂಚಾಯಿತಿ ಇಡಬೇಕಾದ ಮಕ್ಕಳ ದಾಖಲೆಯನ್ನೂ ಶಾಲೆಯ ಹಾಜರಿಯನ್ನೂ ಪ್ರತಿ ಜೂನ್‌ನಲ್ಲಿ ಒಟ್ಟಿಗೆ ಇಟ್ಟು ನೋಡಲಿ. ಇವಕ್ಕೆ ಹೊಸ ಕಾನೂನು ಬೇಡ, ಹೆಚ್ಚು ಹಣವೂ ಬೇಡ.

ನನ್ನಂತೆ ಊರು ಬಿಟ್ಟ ಹಳೆಯ ವಿದ್ಯಾರ್ಥಿಗಳಿಗೂ ಒಂದು ಮಾತು. ನಾವು ಮಹೋತ್ಸವಕ್ಕೆ ಬಂದು, ಕಂಪ್ಯೂಟರ್ ಕೊಟ್ಟು, ಫೋಟೋ ತೆಗೆಸಿಕೊಂಡು ಹೋದರೆ ಆರು ತಿಂಗಳಲ್ಲಿ ಕಂಪ್ಯೂಟರ್ ಮೇಲೆ ಬಟ್ಟೆ ಮುಚ್ಚಿರುತ್ತದೆ. ಏನು ಕೊಡುವುದಿದ್ದರೂ ಸಮಿತಿಯನ್ನು ಕೇಳಿ, ಸಮಿತಿಯ ಮೂಲಕವೇ ಕೊಡೋಣ. ಅವರು ಪೈಪು ಬೇಕು ಎಂದರೆ ಪೈಪು, ಬಾಗಿಲಿಗೆ ಚಿಲಕ ಬೇಕು ಎಂದರೆ ಚಿಲಕ. ಶಾಲೆ ನೋಡಿಕೊಳ್ಳುವವರ ಕೈ ಬಲಪಡಿಸುವುದೇ ನಾವು ಕೊಡಬಹುದಾದ ದೊಡ್ಡ ಕಾಣಿಕೆ.

ಈ ಲೇಖನಕ್ಕಾಗಿ ಹಳೆಯ ಕಾಲದ ವಿಷಯ ಹುಡುಕುವಾಗ ಸರ್ಕಾರದ ಕಾಯ್ದೆ, ಆದೇಶಗಳ ವಿವರ ಬೇಕಾದಷ್ಟು ಸಿಕ್ಕಿತು. ನಮ್ಮ ಊರಿನವರು ಶಾಲೆಗಾಗಿ ಕೂತು ಏನು ಮಾತಾಡಿದರು, ಯಾರು ಏನು ಕೇಳಿದರು ಎಂಬ ಬರಹ ಒಂದೂ ಸಿಗಲಿಲ್ಲ. 2075ರಲ್ಲಿ ಶತಮಾನೋತ್ಸವದ ಸಂಚಿಕೆ ತರುವವರಿಗೆ ಆ ಕೊರತೆ ಆಗದಿರಲಿ. ಮುಂದಿನ ಸಮಿತಿ ಸಭೆಯ ನಡಾವಳಿ ಪುಸ್ತಕದಲ್ಲಿ ಬಂದವರ ಹೆಸರು, ಆಡಿದ ಮಾತು, ಮಾಡಿದ ಕೆಲಸ ಎಲ್ಲವೂ ದಾಖಲಾಗಲಿ. ಸಹಿಗಳು ಒಂದು ಪುಟಕ್ಕೆ ಸಾಲದಷ್ಟಿರಲಿ.

— ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು